ಪಲ್ಜೋರನ ಸರದಿ

ಅಹಮದಾಬಾದಿನ ಮಣಿನಗರದಲ್ಲಿ ನನ್ನಷ್ಟು ದೂರ ಹೋಗಿಬಂದ ಕನ್ನಡಿಗ ಇನ್ನೊಬ್ಬನಿಲ್ಲ. ಸೂರತ್ತಿಗೆ ಹೋಗಿಬಂದು ಮೂರು ವಾರ ಪ್ರಯಾಣದ ಕಥೆ ಹೇಳುವ ಜನ ಇವರು. ವಡೋದರೆಗೆ ವರ್ಗವಾದರೆ ಕಣ್ಣೊರೆಸಿಕೊಂಡು ರೈಲು ಹತ್ತುತ್ತಾರೆ. ನಾನು, ಪಾಂಡುರಂಗ, ಅರವತ್ತಾರನೇ ಇಸವಿಯ ಜುಲೈನಲ್ಲಿ ಹಿಮಾಲಯದ ಆಚೆಗಿನ ಕಣಿವೆಗೆ ಹೋದವನು. ಜೊತೆಗೆ ನಮ್ಮ ಸಂಶೋಧನಾ ಸಂಸ್ಥೆಯ ಯಂತ್ರ, ಆಕಾಶದಿಂದ ಬೀಳುವ ಕಣಗಳನ್ನು ಎಣಿಸುವಂಥದ್ದು. ವಿಜ್ಞಾನಿ ಪದ್ಮನಾಭರಾಯರು, ಮೆಕ್ಯಾನಿಕ್ ನಾನು. ಘಾಟಿಯಲ್ಲಿ ಎರಡು ಹೇಸರಗತ್ತೆ ಕುಸಿದಾಗ ಯಂತ್ರವನ್ನೂ ರಾಯರನ್ನೂ ನಾನೇ ಹೊತ್ತೆ. ರಾಯರನ್ನು ಕೇಳಬೇಡಿ, ಅವರಿಗೆ ಮರೆವು ಜಾಸ್ತಿ.

ಮರುಭೂಮಿ ಎಂದರೆ ಮಲಗಿರುತ್ತದೆ ಎಂದುಕೊಂಡಿದ್ದೆ. ಅಲ್ಲಿ ಅದನ್ನು ಎತ್ತಿ ನಿಲ್ಲಿಸಿದ್ದರು. ಎರಡೂ ಕಡೆ ಬೋಳು ಬೆಟ್ಟ, ಒಂದು ಗರಿಕೆ ಇಲ್ಲ. ಎಂಟು ದಿನ ನಡೆದ ಮೇಲೆ ಒಂದು ತಿರುವಿನಲ್ಲಿ ಹಸಿರು: ಬಾರ್ಲಿ, ಬಟಾಣಿ, ಹದಿನಾಲ್ಕು ಮನೆ. ಬೆಟ್ಟದ ಹಿಮ ಕರಗಿ ಬರುವ ಒಂದೇ ಕಾಲುವೆ ಆ ಹಸಿರನ್ನೆಲ್ಲ ಹಿಡಿದುಕೊಂಡಿತ್ತು.

ನಾವು ಇಳಿದುಕೊಂಡದ್ದು ಝಂಗ್ಮೊ ಎಂಬ ವಿಧವೆಯ ಮನೆಯಲ್ಲಿ. ಗಂಡ ಪಲ್ಜೋರ್ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವಳಿಗೆ ಹಿಂದಿ ಬಾರದು. ಹೇಸರಗತ್ತೆ ಹೊಡೆಯುವ ಅಂಗ್ರುಪ್ ಮಾತು ದಾಟಿಸುತ್ತಿದ್ದ.

ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಹೊರಗೆ ಹೋದೆ. ಅವಳ ಹೊಲಕ್ಕೆ ನೀರು ಹರಿಯುತ್ತಿತ್ತು, ಸುತ್ತ ಒಂದು ನರಪಿಳ್ಳೆ ಇಲ್ಲ. ದಿನಕ್ಕೆ ಒಂದು ಗಂಟೆ ನಲ್ಲಿ ನೀರು ಬರುವ ಮಣಿನಗರದವನು ನಾನು. ಕಾವಲಿಲ್ಲದೆ ಹರಿಯುವ ನೀರು ಕಂಡರೆ ನಮ್ಮ ಕೈ ತಾನಾಗಿ ಮುಂದಾಗುತ್ತದೆ. ಒಂದು ಹೆಂಟೆ, ಎರಡು ಕಲ್ಲು, ಹಿಡಿ ಕೆಸರು. ಕಾಲುವೆಯಿಂದ ಹೊಲಕ್ಕೆ ತೆರೆದಿದ್ದ ಬಾಯಿ ಮುಚ್ಚಿದೆ. ಒಳಗೆ ಬಂದು ಇಡೀ ಊರಿನ ನೀರು ಉಳಿಸಿದೆನೆಂದು ಹೇಳಿಕೊಂಡೆ.

ಅಂಗ್ರುಪ್ ಬಟ್ಟಲು ಕೆಳಗಿಟ್ಟ. "ಸಾಹೇಬರೇ, ಇವತ್ತು ಪಲ್ಜೋರನ ಸರದಿ."

"ಪಲ್ಜೋರ್ ಸತ್ತಿದ್ದಾನಲ್ಲಪ್ಪ."

"ಅದಕ್ಕೇ ಯಾರೂ ಅಲ್ಲಿ ನಿಲ್ಲೋದಿಲ್ಲ. ಸತ್ತವನು ಆ ವರ್ಷ ತನ್ನ ಹೊಲಕ್ಕೆ ತಾನೇ ನೀರು ಹಾಯಿಸ್ತಾನೆ. ಬದುಕಿದವರ ಕೈ ಆ ಬಾಯಿಗೆ ತಾಗಿದರೆ ಅವನು ಸರದಿ ಬಿಟ್ಟುಕೊಟ್ಟ ಅಂತ ಲೆಕ್ಕ. ಈ ಮನೆಯ ನೀರು ಬೇರೆಯವರ ಪಾಲು."

"ಎಷ್ಟು ದಿನಕ್ಕೆ?"

"ದಿನಕ್ಕಲ್ಲ. ಇನ್ನು ಮೇಲೆ ಇಲ್ಲ."

ಝಂಗ್ಮೊ ಕಿಟಕಿಯಿಂದ ಹೊಲ ನೋಡುತ್ತ ನಿಂತಳು. ತೆನೆಗೆ ಹಾಲು ತುಂಬುವ ಹೊತ್ತು.

"ಪಾಂಡುರಂಗ, ಇನ್ನು ಏನನ್ನೂ ಮುಟ್ಟಬೇಡ ಮಾರಾಯ," ಅಂದರು ರಾಯರು.

ಮುಟ್ಟುವುದಕ್ಕೇ ಹೊರಟೆ. ಯಾರೂ ನೋಡುವ ಮೊದಲು ಬಾಯಿ ಬಿಡಿಸಿಬಿಟ್ಟರೆ ಮುಗಿಯಿತು. ಓಡಿ ಹೋಗಿ ನೋಡುತ್ತೇನೆ, ಬಾಯಿ ತೆರೆದಿದೆ. ನಾನಿಟ್ಟ ಹೆಂಟೆ ಬದುವಿನ ಮೇಲಿದೆ, ಪಕ್ಕದಲ್ಲಿ ಕಲ್ಲೆರಡು ಒಪ್ಪವಾಗಿ. ಒದ್ದೆ ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಹೆಜ್ಜೆ ಇಲ್ಲ.

ಅಷ್ಟರಲ್ಲಿ ಕೆಳಗಿನ ಹೊಲದವರು ತಮ್ಮ ಕಡೆಗೆ ಸರದಿ ತಪ್ಪಿ ನೀರು ಬಂದದ್ದು ಕಂಡು ಊರಿನ ಹಿರಿಯನನ್ನು ಕರೆತಂದಿದ್ದರು. ನನ್ನ ಹಿಂದೆ ಅಂಗ್ರುಪ್, ಝಂಗ್ಮೊ ಕೂಡ ಬಂದಿದ್ದರು. ಹಿರಿಯ ನನ್ನ ಕೆಸರು ಕೈ ನೋಡಿದ. "ಮುಚ್ಚಿದ್ದು ನೀನು. ತೆರೆದವರು ಯಾರು?"

ಬಾಯಿಗೆ ಬಂದದ್ದು ಹೇಳುವುದು ನನಗೆ ಉಸಿರಾಡಿದಷ್ಟು ಸಲೀಸು. "ಪಲ್ಜೋರ್," ಅಂದೆ. "ಕಣ್ಣಾರೆ ಕಂಡೆ. ನನ್ನನ್ನು ಪಕ್ಕಕ್ಕೆ ತಳ್ಳಿದ. ಎಡಗೈಯಲ್ಲಿ ಗುದ್ದಲಿ, ಅರ್ಧ ಮುರಿದ ಹಿಡಿ. ಒಂದೊಂದು ಗುದ್ದಿಗೂ ಕೆಮ್ಮುತ್ತಿದ್ದ."

ಅಂಗ್ರುಪ್ ಹಿಂದಿಯಿಂದ ದಾಟಿಸುತ್ತ ದಾಟಿಸುತ್ತ ಅರ್ಧಕ್ಕೆ ನಿಂತ. ಹಿರಿಯ ಟೋಪಿ ತೆಗೆದ. ಝಂಗ್ಮೊ ಒಳಗೆ ಹೋಗಿ ಗಂಡನ ಗುದ್ದಲಿ ತಂದು ತೋರಿಸಿದಳು. ಹಿಡಿ ಅರ್ಧಕ್ಕೆ ಮುರಿದಿತ್ತು. ಸವೆದದ್ದು ಎಡಗೈ ಹಿಡಿತಕ್ಕೆ. ಕೆಮ್ಮಿನ ಬಗ್ಗೆ ನಾನು ಕೇಳಲಿಲ್ಲ, ಅಂಗ್ರುಪ್ ತಾನಾಗಿ ಹೇಳಿದ: "ಅದರಿಂದಲೇ ಹೋದದ್ದು."

ನೀರಿನ ಪಾಲು ಅವಳಿಗೇ ಉಳಿಯಿತು. ಎಲ್ಲರೂ ಹೋದ ಮೇಲೆ ಅವಳು ಏನೋ ಕೇಳಿದಳು.

"ಆರು ತಿಂಗಳಿಂದ ಅವನನ್ನು ಯಾರೂ ಕಂಡಿಲ್ಲವಂತೆ," ಅಂದ ಅಂಗ್ರುಪ್. "ಒಂಬತ್ತು ದಿನಕ್ಕೆ ಮತ್ತೆ ಸರದಿ. ನೀವಿದ್ದು ನೋಡಿ ಹೇಳಬೇಕಂತೆ."

ರಾಯರು ಯಂತ್ರ ಕಟ್ಟಿಸಿಕೊಂಡು ಮುಂದಿನ ಊರಿಗೆ ಹೋದರು. ನಾನು ಉಳಿದೆ. ಒಂಬತ್ತನೇ ಬೆಳಿಗ್ಗೆ ಗೋಡೆಯ ಮೇಲೆ ಕೂತೆ. ಸತ್ಯವಾಗಿ ಹೇಳುತ್ತೇನೆ, ಯಾರೂ ಕಾಣಲಿಲ್ಲ. ನೀರು ಮಾತ್ರ ಒಳಗೆ ಬಂತು. ಒಂದು ಮಡಿ ತುಂಬಿದ ಮೇಲೆ ಬದು ಒಡೆದು ಇನ್ನೊಂದಕ್ಕೆ ಹೋಯಿತು, ಹಿಂದಿನದು ಮುಚ್ಚಿಕೊಂಡಿತು. ತೆನೆಗಳು ಒಂದೊಂದಾಗಿ ಪಕ್ಕಕ್ಕೆ ಸರಿದು, ಯಾರೋ ದಾಟಿದ ಮೇಲೆ ನೆಟ್ಟಗಾದವು.

ಕಿಟಕಿಯಲ್ಲಿ ಝಂಗ್ಮೊ ನಿಂತಿದ್ದಳು. ಅವಳು ನೋಡುತ್ತಿದ್ದದ್ದು ಹೊಲವನ್ನಲ್ಲ, ನನ್ನ ಮುಖವನ್ನು. ಹೇಳಬಹುದಾದದ್ದು ನೂರಿತ್ತು. ಒಂದೂ ಹೇಳಲಿಲ್ಲ. ತೆನೆ ಅಲುಗಿದ ಕಡೆಗೆ ಬೆರಳು ತೋರಿಸಿದೆ. ಆ ಅಲುಗಾಟ ಮೆಲ್ಲಗೆ ಮನೆಯ ಹತ್ತಿರದ ಮಡಿಗೆ ಬಂದು ನಿಂತಿತು. ಅವಳು ಅತ್ತ ತಿರುಗಿ ತಲೆಯ ಬಟ್ಟೆ ಸರಿಮಾಡಿಕೊಂಡಳು.