ಮನೆಯಿಂದ ಕೆಲಸ ಮಾಡುವವರ ವಿಳಾಸ

ಅರ್ಜಿಯ ಸ್ಕ್ಯಾನ್ ಪ್ರತಿ ದೀಕ್ಷಾಳ ಲ್ಯಾಪ್‌ಟಾಪಿಗೆ ಬಂದಾಗ ಬೆಳಿಗ್ಗೆ ಹನ್ನೊಂದು ಗಂಟೆ. ಮಾಹಿತಿ ಹಕ್ಕಿನ ಅರ್ಜಿಗಳು ತಿಂಗಳಿಗೆ ಎಂಟೋ ಹತ್ತೋ ಬರುತ್ತಿದ್ದವು. ಅವನ್ನು ಓದಿ ಉತ್ತರದ ಕರಡು ಮಾಡುವುದು ಅವಳ ಕೆಲಸ. ಹಳೆಯ ಶಾಲಾ ದಾಖಲೆಗಳಲ್ಲಿ ಹೆಸರು, ಜನ್ಮದಿನಾಂಕದ ತಪ್ಪು ತಿದ್ದುವ ಕಡತಗಳೂ ಅವಳ ಕೈಯಲ್ಲೇ ಇದ್ದವು. ಶಿಕ್ಷಣ ಇಲಾಖೆಯ ಆ ಸಣ್ಣ ಕಚೇರಿ ಇದ್ದದ್ದು ಕುಮಟಾದಲ್ಲಿ. ಅವಳು ಕೆಲಸ ಮಾಡುತ್ತಿದ್ದದ್ದು ಧಾರೇಶ್ವರದಲ್ಲಿ, ದುರ್ಗಿ ಎಂಬ ಮುದುಕಿಯ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ.

ಅವಳು ಅರ್ಜಿಯ ವಿಷಯವನ್ನು ಓದುವ ಮೊದಲೇ ಅಕ್ಷರಗಳನ್ನು ಗುರುತಿಸಿದಳು. ಕೈಬರಹ. ಪ್ರತಿ ‘ಳ’ದ ಬಾಲ ಕೆಳಗಿನ ಸಾಲಿನವರೆಗೂ ಇಳಿದಿತ್ತು. ‘ಅರ್ಜಿದಾರರು’ ಎಂಬ ಪದದ ಕೆಳಗೆ ಎರಡು ಗೆರೆ. ಅದು ನರೇಶನ ಬರಹ. ಮೂರು ವರ್ಷ ಅವಳು ಹೆಂಡತಿಯಾಗಿ ಅವನ ಜೊತೆ ಬಾಳಿದ್ದಳು. ಭಟ್ಕಳದಲ್ಲಿ ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಕೂತು ಅವನು ಜನರಿಗೆ ಅರ್ಜಿ ಬರೆದುಕೊಡುತ್ತಿದ್ದ.

ಅರ್ಜಿದಾರರ ಹೆಸರು ಮಾತ್ರ ಬೇರೆ: ನಾಗು ಕೋಂ ತಿಮ್ಮಪ್ಪ ಮೊಗೇರ, ಜಾಲಿ, ಭಟ್ಕಳ ತಾಲೂಕು. ಕೇಳಿದ್ದು ನಾಲ್ಕು ಸಂಗತಿ. ಈ ಕಚೇರಿಯಲ್ಲಿ ಮನೆಯಿಂದ ಕೆಲಸ ಮಾಡಲು ಅನುಮತಿ ಪಡೆದ ಸಿಬ್ಬಂದಿ ಎಷ್ಟು, ಅವರ ಹೆಸರೇನು? ಅನುಮತಿಯ ಆದೇಶದ ಪ್ರತಿ ಕೊಡಿ. ಅವರು ಕಚೇರಿಗೆ ಬರುವ ದಿನಗಳು ಯಾವುವು? ಅವರು ಎಲ್ಲಿಂದ ಕೆಲಸ ಮಾಡುತ್ತಾರೋ ಆ ಮನೆಯ ಪೂರ್ಣ ವಿಳಾಸ ಕೊಡಿ.

ಅವಳು ಎದ್ದು ಕಿಟಕಿ ಮುಚ್ಚಿದಳು. ಹಿತ್ತಲಲ್ಲಿ ದುರ್ಗಿ ಮೀನು ಕೊಯ್ಯುತ್ತಿದ್ದ ಸದ್ದು ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ.

ಹದಿನಾಲ್ಕು ತಿಂಗಳ ಹಿಂದೆ ನರೇಶ ಅವಳ ಎಡಗೈ ಮುರಿದಿದ್ದ. ಆಸ್ಪತ್ರೆಯಲ್ಲಿ ಅವಳು ಬಾವಿಕಟ್ಟೆಯಲ್ಲಿ ಜಾರಿಬಿದ್ದೆ ಎಂದಳು. ಪ್ಲಾಸ್ಟರ್ ಬಿಚ್ಚಿದ ಮರುದಿನವೇ ಒಂದು ಬ್ಯಾಗು ಹಿಡಿದು ಹೊರಟುಬಂದಳು. ಅವಳು ಕುಮಟಾ ಕಚೇರಿಗೆ ವರ್ಗ ಮಾಡಿಸಿಕೊಂಡು ಬಂದದ್ದು ಅವನಿಗೆ ಹೇಗೋ ತಿಳಿಯಿತು. ಎರಡು ಸಲ ಬಂದು ಗೇಟಿನಲ್ಲಿ ನಿಂತಿದ್ದ. ಆಗ ಅವಳು ಅಧೀಕ್ಷಕ ವಿಘ್ನೇಶ್ವರ ಭಟ್ಟರ ಮುಂದೆ ಹೋಗಿ, ಕೈನೋವಿದೆ, ದಿನಾ ಬಸ್ಸಿನಲ್ಲಿ ಬರಲಾಗದು, ಮನೆಯಿಂದಲೇ ಕೆಲಸ ಮಾಡುತ್ತೇನೆ ಎಂದು ಬೇಡಿಕೊಂಡಿದ್ದಳು. ಭಟ್ಟರು ಮೇಲಿನವರಿಗೆ ಬರೆದು ಆದೇಶ ತರಿಸಿಕೊಟ್ಟಿದ್ದರು. ಹದಿನೈದು ದಿನಕ್ಕೊಮ್ಮೆ, ತನಗೆ ತೋಚಿದ ದಿನ, ಅವಳು ಕಚೇರಿಗೆ ಹೋಗಿ ಕಡತ ಬದಲಿಸಿಕೊಂಡು ಬರುತ್ತಿದ್ದಳು. ನಿಜವಾದ ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ಅಂದು ಹೇಳಬೇಕಾಯಿತು. ಫೋನಿನಲ್ಲಿ ಭಟ್ಟರು ಮಧ್ಯೆ ಬಾಯಿ ಹಾಕದೆ ಕೇಳಿದರು.

“ಇಷ್ಟು ದಿನ ಎಂತಕ್ಕೆ ಹೇಳ್ಲಿಲ್ಲ ತಂಗಿ?”

“ನಾಚಿಕೆ ಆತು ಸರ್. ಇದು ಸುಳ್ಳು ಹೆಸರು. ನಾಗು ಅಂತ ಯಾರೂ ಇರುದಿಲ್ಲ. ಇದನ್ನ ಹಾಗೇ ಮುಚ್ಚಿಬಿಡಿ.”

“ಮುಚ್ಚುಕೆ ಬರುದಿಲ್ಲ. ಮೂವತ್ತು ದಿನದೊಳಗೆ ಉತ್ತರ ಕೊಡದಿದ್ರೆ ಅವ ಮೇಲ್ಮನವಿ ಹಾಕ್ತ. ಆಗ ವಿಚಾರಣೆಗೆ ನಿನ್ನನ್ನೇ ಕರೀತ್ರು. ಆದೇಶದ ಪ್ರತಿ ಕೊಡುವ, ಸಂಖ್ಯೆ ಕೊಡುವ. ಸರ್ಕಾರಿ ಸಂಬಳ ತಗೊಂಡು ಮನೇಲಿ ಕೂತವರು ಎಷ್ಟು ಜನ ಅಂತ ಕೇಳುದು ತಪ್ಪಲ್ಲ. ಆದ್ರೆ ವಿಳಾಸ ಇಲ್ಲ, ಬರೋ ದಿನವೂ ಇಲ್ಲ. ಒಬ್ಬರ ಜೀವಕ್ಕೆ ಅಪಾಯ ಆಗುವಂಥದ್ದು ಕೊಡ್ಬೇಕಾಗಿಲ್ಲ ಅಂತ ಕಾಯ್ದೆಯಲ್ಲೇ ಉಂಟು.”

ಆಮೇಲೆ ಸ್ವಲ್ಪ ಯೋಚಿಸಿ ಅವರು ಹೇಳಿದರು: “ಅರ್ಜಿದಾರರೇ ಗುರುತಿನ ಚೀಟಿ ತಗೊಂಡು ಬಂದು ದಾಖಲೆ ನೋಡ್ಲಿ ಅಂತ ಬರೀತೆ. ಸುಳ್ಳು ಹೆಸರಾದ್ರೆ ಯಾರೂ ಬರುದಿಲ್ಲ.”

ಮುಂದಿನ ಗುರುವಾರ ಹನ್ನೊಂದು ಗಂಟೆ ಎಂದು ಪತ್ರ ಹೋಯಿತು.

ಆ ಎಂಟು ದಿನ ಅವಳು ಅಂಗಳಕ್ಕೂ ಇಳಿಯಲಿಲ್ಲ. ದಾರಿಯಲ್ಲಿ ಬೈಕ್ ನಿಧಾನವಾದರೆ ಊಟದ ತಟ್ಟೆ ಬಿಟ್ಟು ಎದ್ದು ನಿಲ್ಲುತ್ತಿದ್ದಳು. ಕೊರಿಯರ್ ಹುಡುಗ ದುರ್ಗಿಯ ಹೆಸರು ಹಿಡಿದು ಕೂಗಿದಾಗ ಮಂಚದ ಮಗ್ಗುಲಲ್ಲಿ ಕುಳಿತು ಬಾಯಿಗೆ ಸೆರಗು ಒತ್ತಿಕೊಂಡಳು. ಕಡತಗಳನ್ನು ಬಿಡಿಸುತ್ತಿದ್ದಳು, ಅಕ್ಷರ ತಲೆಗೆ ಹೋಗುತ್ತಿರಲಿಲ್ಲ.

ತೋರಿಸಬೇಕಾದ ವಹಿಗಳಲ್ಲಿ ಎರಡು ಅವಳ ಬಳಿಯೇ ಇದ್ದವು. ಜವಾನನನ್ನು ಕಳಿಸುತ್ತೇನೆ ಎಂದರು ಭಟ್ಟರು. ಬೇಡ ಎಂದಳು. ಈ ಮನೆ ಇನ್ನೊಬ್ಬನಿಗೆ ಗೊತ್ತಾಗುವುದು ಅವಳಿಗೆ ಬೇಕಿರಲಿಲ್ಲ. ಗುರುವಾರ ಬೆಳಿಗ್ಗೆ ತಲೆಗೆ ಶಾಲು ಸುತ್ತಿ, ವಹಿಗಳನ್ನೂ ಬಾಕಿ ಕಡತಗಳನ್ನೂ ಚೀಲದಲ್ಲಿ ಹಾಕಿಕೊಂಡು ಅವಳೇ ಹೊರಟಳು. ಒಂಬತ್ತಕ್ಕೆ ಮುಟ್ಟಿಸಿ, ಹತ್ತರೊಳಗೆ ತಿರುಗಿ ಬಸ್ಸು ಹಿಡಿಯುವುದು ಲೆಕ್ಕಾಚಾರ.

ಭಟ್ಟರು ಮೊದಲೇ ಬಂದು ಬಾಗಿಲು ತೆಗೆದಿದ್ದರು. ಅವಳು ಹಸ್ತಾಂತರದ ಪಟ್ಟಿಗೆ ಸಹಿ ಹಾಕುತ್ತಿದ್ದಾಗ ಹೊರಗೆ ಬೈಕೊಂದು ಬಂದು ನಿಂತಿತು. ಗಂಟೆ ಒಂಬತ್ತೂ ನಲವತ್ತು. ಭಟ್ಟರು ಅವಳ ಭುಜ ಹಿಡಿದು ದಾಖಲೆ ಕೋಣೆಯೊಳಗೆ ನೂಕಿ ಬಾಗಿಲು ಎಳೆದುಕೊಂಡರು. ಆ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಕಪಾಟಿಗೆ ಬೆನ್ನು ಒತ್ತಿ ನಿಂತಳು. ಮೆಟ್ಟಿಲ ಮೇಲೆ ಹೆಜ್ಜೆ. ಮೂರು, ನಾಲ್ಕು.

“ಸಾಹೇಬ್ರೇ, ನಾ ನಾಗು. ಜಾಲಿಯಿಂದ ಬಂದೆ. ಕಾಗ್ದ ಬಂದಿತ್ತು.”

ಹೆಂಗಸಿನ ದನಿ. ಭಟ್ಟರು ಆಧಾರ್ ಕಾರ್ಡು ಕೇಳಿದ್ದೂ ಅವಳು ಕೊಟ್ಟದ್ದೂ ಕೇಳಿಸಿತು. ಬಾಗಿಲ ಸಂದಿಯಲ್ಲಿ ನೋಡಿದರೆ ಐವತ್ತರ ಆಸುಪಾಸಿನ ಹೆಂಗಸು, ಬಗಲಲ್ಲಿ ಪ್ಲಾಸ್ಟಿಕ್ ಚೀಲ. ಜೊತೆಗೆ ಯಾರೂ ಇಲ್ಲ.

“ನಿಮಗೆ ಈ ಮನೆಯಿಂದ ಕೆಲಸ ಮಾಡುವವರ ಸುದ್ದಿ ಎಂತಕ್ಕೆ ಬೇಕು? ಕಾರಣ ಹೇಳ್ಬೇಕು ಅಂತಿಲ್ಲ. ಸುಮ್ನೆ ಕೇಳ್ದೆ” ಎಂದರು ಭಟ್ಟರು.

“ಎಂತಕ್ಕೆ ಅಂದ್ರೆ! ಮಗ್ಳು ಸುಶ್ಮಿತಾಗೆ ನರ್ಸಿಂಗ್ ಸೀಟು ಸಿಕ್ಕಿದೆ. ಶಾಲೆ ವಹಿಲಿ ಅಪ್ಪನ ಹೆಸ್ರು ತಿಮ್ಮಯ್ಯ ಅಂತ ಬರ್ದು ಹಾಕಿರು. ತಿದ್ದಿ ಕೊಡಿ ಅಂತ ಕೊಟ್ಟು ಎರಡು ತಿಂಗ್ಳಾತು. ನಾಕು ಸಲ ಬಂದೆ. ಬುಟ್ಟಿ ಮೀನು ನೆರೆಮನೆಯೋರ ತಲೆಗೆ ಹೊರಿಸಿ ಬಂದೆ. ಬಂದಾಗೆಲ್ಲ ಆ ಕುರ್ಚಿ ಖಾಲಿ. ಅಕ್ಕೋರು ಮನೇಲೇ ಕೆಲ್ಸ ಮಾಡೂದು ಅಂದ್ರು. ಸರಿ, ಆ ಮನೆ ಎಲ್ಲಿ ಅಂತ ಹೇಳಿದ್ರೆ ನಾ ಅಲ್ಲಿಗೇ ಹೋತೆ! ಶನಿವಾರ ಕಡೇ ದಿನ ಸಾಹೇಬ್ರೇ.”

ದೀಕ್ಷಾಳಿಗೆ ಆ ಕಡತ ಗೊತ್ತಿತ್ತು. ಅದು ಅವಳ ಚೀಲದಲ್ಲೇ ಇತ್ತು. ಶಾಲೆಯ ಮೂಲ ವಹಿ ಈ ಕೋಣೆಯ ಕಪಾಟಿನಲ್ಲಿತ್ತು. ಎರಡನ್ನೂ ತಾಳೆ ನೋಡಲು ಒಂದಿಡೀ ದಿನ ಕಚೇರಿಯಲ್ಲಿ ಕೂರಬೇಕಿತ್ತು. ಅಷ್ಟು ಹೊತ್ತು ಇಲ್ಲಿರಲು ಹೆದರಿ, ಬಂದ ಸಲವೆಲ್ಲ ಅದನ್ನು ಮುಂದಕ್ಕೆ ತಳ್ಳಿದ್ದಳು. ತನ್ನ ಹೆದರಿಕೆಯ ಕೆಳಗೆ ಒಬ್ಬ ಹುಡುಗಿಯ ಸೀಟು ಸಿಕ್ಕಿಕೊಂಡಿದೆ ಎಂದು ಅವಳಿಗೆ ಒಮ್ಮೆಯೂ ಹೊಳೆದಿರಲಿಲ್ಲ.

ಅವಳು ಬಾಗಿಲು ತೆರೆದಳು. “ಆ ಕುರ್ಚಿ ನಂದು. ತಪ್ಪು ನಂದೇ.”

ನಾಗು ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಬೈಯಲು ಬಾಯಿ ತೆರೆದವಳು ಇವಳ ಮುಖ ಕಂಡು ಸುಮ್ಮನಾದಳು. “ಮೈ ಹುಷಾರಿಲ್ವಾ ಅಕ್ಕೋರೆ?”

“ಈ ಅರ್ಜಿ ಬರ್ದದ್ದು ಯಾರು?”

“ನರೇಶ ಅಂತ. ನಮ್ಮ ಕೇರಿಲೇ ಬಾಡಿಗೆ ಮನೆ ಮಾಡ್ಕೊಂಡು ಒಂದು ವರ್ಷ ಆತು. ನಾಕು ಸಲ ಹೋದೆ ಅಂದ್ಕೂಡ್ಲೇ ಅವ್ನೇ ಬರ್ದು ಕೊಟ್ಟ. ದುಡ್ಡೂ ತಕಂಡಿಲ್ಲ. ಮನೆ ವಿಳಾಸ ಕೇಳು ಅಂದವ್ನೂ ಅವ್ನೇ. ಪಾಪದ ಮನ್ಷ. ಹೆಂಡ್ತಿ ಸತ್ತಿದಾಳಂತೆ.”

ದೀಕ್ಷಾ ಮೇಜಿನ ಅಂಚು ಹಿಡಿದುಕೊಂಡಳು.

“ಆ ಹೆಂಡ್ತಿ ನಾನೇ” ಎಂದಳು. ರವಿಕೆಯ ತೋಳು ಸರಿಸಿ ಸೊಟ್ಟಗೆ ಕೂಡಿದ್ದ ಕೈ ತೋರಿಸಿದಳು. “ಇದು ಅವನದೇ ಕೆಲ್ಸ.”

ನಾಗು ಆ ಕೈಯನ್ನೇ ನೋಡುತ್ತ ನಿಂತಳು. ಆಮೇಲೆ ಬಹಳ ಮೆಲ್ಲಗೆ ಹೇಳಿದಳು: “ಅಕ್ಕೋರೆ, ನನ್ನ ಕರ್ಕೊಂಡು ಬಂದದ್ದು ಅವ್ನೇ. ಗೇಟಿನ ಹೊರಗೆ ಬೈಕ್ ಮೇಲೆ ಕೂತಿದ್ದ. ಹನ್ನೊಂದಕ್ಕೆ ಹೋದ್ರೆ ಸಾಕಲ್ಲ ಅಂದ್ರೆ, ಆಫೀಸು ಶುರುವಾಗೋ ಮೊದ್ಲೇ ಅಲ್ಲಿರ್ಬೇಕು, ಯಾರ್ಯಾರು ಒಳಗೆ ಹೋತ್ರು ನೋಡ್ಬೇಕು ಅಂದ.”

ಭಟ್ಟರು ಕುರ್ಚಿ ಎಳೆದು ದೀಕ್ಷಾಳನ್ನು ಕೂರಿಸಿದರು. ಪೊಲೀಸರಿಗೆ ಫೋನ್ ಮಾಡುತ್ತೇನೆ ಎಂದರು. “ಬೇಡ ಸರ್, ಅವ್ರು ಬರೋ ಹೊತ್ತಿಗೆ ಅವ್ನು ಒಳಗೆ ಬಂದ್ರೆ?” ಎಂದಳು. ಕಿಟಕಿಯ ಆಚೆ ಬೈಕಿನ ಹಾರ್ನು ಒಮ್ಮೆ ಕೇಳಿಸಿತು, ಮತ್ತೊಮ್ಮೆ.

ನಾಗು ಚೀಲವನ್ನು ಬಗಲಿಗೆ ಏರಿಸಿದಳು.

“ನಾ ಅವ್ನ ಬೈಕ್ ಹತ್ತಿ ವಾಪಸು ಹೋತೆ. ಅಧಿಕಾರಿ ಒಬ್ರೇ ಇದ್ರು, ಕೆಲ್ಸ ಆಗ್ಲಿಲ್ಲ, ವಿಳಾಸ ಕೊಡುದಿಲ್ಲ ಅಂದ್ರು ಅಂತ ಹೇಳ್ತೆ. ಹೊಟ್ಟೆನೋವು ಅಂತ ನರಳ್ತೆ. ಜಾಲಿ ಮುಟ್ಟಿದ ಮೇಲೆ ಸಾಹೇಬ್ರಿಗೆ ಫೋನ್ ಮಾಡ್ತೆ. ಅಲ್ಲಿವರಿಗೆ ನೀವು ಈ ಕೋಣೆ ಬಿಟ್ಟು ಏಳ್ಬೇಡಿ.”

“ನಿಮ್ಗೆ ಹೆದ್ರಿಕೆ ಆಗುದಿಲ್ವಾ?”

“ಆತಿದೆ” ಎಂದಳು ನಾಗು. “ಅವ್ನ ಬೆನ್ನ ಹಿಂದೇ ಕೂತು ಬಂದಿದ್ದೆ ನಾನು.”

ಅವಳು ಮೆಟ್ಟಿಲು ಇಳಿದಳು. ಒಳಗಿನ ಇಬ್ಬರೂ ಅಲುಗದೆ ಕಿವಿಗೊಟ್ಟರು. ಗಂಡಸಿನ ದನಿ ಏನೋ ಕೇಳಿತು. ನಾಗು ಹೊಟ್ಟೆ ಹಿಡಿದುಕೊಂಡವಳಂತೆ ಜೋರಾಗಿ ನರಳಿದಳು. ದನಿ ಇನ್ನೊಮ್ಮೆ ಕೇಳಿತು, ಈ ಸಲ ಹತ್ತಿರದಿಂದ. ಗೇಟು ಕಿರುಗುಟ್ಟಿತು. ದೀಕ್ಷಾ ಕಣ್ಣು ಮುಚ್ಚಿಕೊಂಡಳು. “ಅಯ್ಯಯ್ಯೋ, ನಡಿಯಾ, ದಾರಿಲೇ ವಾಂತಿ ಆತದೆ ನಂಗೆ!” ಎಂದು ನಾಗು ಕಿರುಚಿದಳು. ಕೊನೆಗೆ ಬೈಕು ಹೊರಟ ಸದ್ದು ಹೆದ್ದಾರಿಯ ಕಡೆಗೆ ಕರಗಿತು.

ಹೊನ್ನಾವರದ ಸೇತುವೆ ದಾಟಿ ಜಾಲಿಗೆ ಎರಡು ತಾಸಾದರೂ ಬೇಕು. ಸುಮ್ಮನೆ ಕೂತರೆ ಹುಚ್ಚು ಹಿಡಿಯುತ್ತದೆ ಎನಿಸಿ ದೀಕ್ಷಾ ಶಾಲೆಯ ವಹಿ ಇಳಿಸಿಕೊಂಡಳು. ತಿಮ್ಮಯ್ಯ ಎಂದಿದ್ದಲ್ಲಿ ತಿಮ್ಮಪ್ಪ ಎಂದಾಗಬೇಕು. ಜನನ ಪ್ರಮಾಣಪತ್ರ, ರೇಷನ್ ಕಾರ್ಡು, ಮುಖ್ಯೋಪಾಧ್ಯಾಯರ ಪತ್ರ, ಎಲ್ಲವನ್ನೂ ಸಾಲಾಗಿ ತಾಳೆ ನೋಡಿದಳು. ತಪ್ಪು ಬಿದ್ದು ಆದೇಶವನ್ನು ಮೂರು ಸಲ ಟೈಪು ಮಾಡಬೇಕಾಯಿತು. ಭಟ್ಟರು ಸಹಿ ಮಾಡಿ ಮೊಹರು ಹಾಕಿದರು.

ಹನ್ನೆರಡೂ ಕಾಲಿಗೆ ಫೋನ್ ಬಂತು. ಭಟ್ಟರು ಸ್ಪೀಕರಿಗೆ ಹಾಕಿದರು.

“ಮುಟ್ದೆ ಸಾಹೇಬ್ರೇ. ದಾರಿ ತುಂಬ ಅವ್ನದ್ದು ಒಂದೇ ಮಾತು. ಒಳಗೆ ಹೆಂಗ್ಸು ಯಾರಿದ್ರು, ಹೆಂಗಿದ್ಲು ಅಂತ. ಯಾರೂ ಇಲ್ಲ ಅಂದೆ. ನಂಬಿದ್ನೋ ಇಲ್ವೋ, ದೇವ್ರಿಗೇ ಗೊತ್ತು.”

ಆ ಮಧ್ಯಾಹ್ನ ಭಟ್ಟರ ಜೊತೆ ಹೋಗಿ ದೀಕ್ಷಾ ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಟ್ಟಳು. ಆಸ್ಪತ್ರೆಯಲ್ಲಿ ಹೇಳಿದ್ದ ಬಾವಿಕಟ್ಟೆಯ ಸುಳ್ಳನ್ನೂ ಅದರಲ್ಲಿ ಒಪ್ಪಿಕೊಂಡಳು. ಅರ್ಜಿಯ ಪ್ರತಿಯನ್ನು ಜೊತೆಗಿಟ್ಟಳು. ಶುಕ್ರವಾರ ಸುಶ್ಮಿತಾ ಒಬ್ಬಳೇ ಬಸ್ಸಿನಲ್ಲಿ ಬಂದು ತಿದ್ದಿದ ಪತ್ರ ಒಯ್ದಳು, ಶನಿವಾರ ಕಾಲೇಜಿಗೆ ಸೇರಿದಳು. ನಾಗುವಿನ ಅರ್ಜಿಗೆ ಬರೆದ ಉತ್ತರವೂ ಹೋಯಿತು: ಅನುಮತಿ ಪಡೆದವರು ಒಬ್ಬರು, ಆದೇಶದ ಪ್ರತಿ ಲಗತ್ತಿಸಿದೆ, ದಿನ ಮತ್ತು ವಿಳಾಸ ಕೊಡಲಾಗದು. ಖಾಲಿ ಕುರ್ಚಿಯಲ್ಲಿ ದಿನವೂ ಬೇರೊಬ್ಬರು ಕೂತು ಜನರ ಕಾಗದ ತೆಗೆದುಕೊಳ್ಳುವಂತೆ ಭಟ್ಟರು ಏರ್ಪಾಡು ಮಾಡಿದರು. ಯಾವ ಕಡತವೂ ವಾರ ಮೀರದಂತೆ ದೀಕ್ಷಾ ನೋಡಿಕೊಂಡಳು.

ಹತ್ತನೇ ದಿನ ನಾಗು ಅವಳಿಗೇ ಫೋನ್ ಮಾಡಿದಳು. ಹಿಂದೆ ಸಮುದ್ರದ ಗಾಳಿಯ ಸದ್ದು.

“ಅಕ್ಕೋರೆ, ಪೊಲೀಸ್ನೋರು ಇವತ್ತು ಅವ್ನನ್ನ ಕರ್ಕೊಂಡು ಹೋಗೂಕೆ ಬಂದಿದ್ರು. ಮನೆ ಖಾಲಿ. ಬೈಕೂ ಇಲ್ಲ. ನಿನ್ನೆಯಿಂದ ಯಾರೂ ಕಂಡಿಲ್ಲ. ನೀವು ಒಬ್ರೇ ಇರ್ಬೇಡಿ.”

ದೀಕ್ಷಾ ಫೋನ್ ಇಟ್ಟಳು. ಅವಳು ಹಿತ್ತಲಿಗೆ ಹೋಗಿ ದುರ್ಗಿಯನ್ನು ಕರೆದು, ತೆಂಗಿನ ಗರಿ ಹೆಣೆಯುತ್ತಿದ್ದ ಅವಳ ಎದುರು ಕೂತು, ಮೊದಲಿನಿಂದ ಎಲ್ಲವನ್ನೂ ಹೇಳತೊಡಗಿದಳು.