ಹುಳವಿಲ್ಲದ ಪಂಜರ

ಕ್ರಿಸ್‌ಮಸ್ ಹಿಂದಿನ ದಿನದ ಆ ಬೆಳಿಗ್ಗೆ ಸಾವಾ ನದಿಯಿಂದ ಎದ್ದ ಮಂಜು ಪ್ರಯೋಗಾಲಯದ ಕಿಟಕಿಗೆ ಬಂದು ಅಂಟಿಕೊಂಡಿತ್ತು. ಒಳಗೆ ಡಾಕ್ಟರ್ ವಿದೋಸಾವಾ ಸೂಕ್ಷ್ಮದರ್ಶಕದಿಂದ ತಲೆಯೆತ್ತಿ, ಗಾಜಿನ ಮೇಲಿನ ಚೀಟಿ ಓದಿ, ಮತ್ತೆ ಬಗ್ಗಿದಳು. ಇದು ಮೂರನೆಯ ಸಲ.

"ದೇಸಾಂಕಕ್ಕಾ, ಈ ಇಲಿ ಯಾವ ಪಂಜರದ್ದು?"

"ಮೂರನೇದು. ಹೋಲಿಕೆಗೆ ಅಂತ ಹುಳ ಕೊಡದೇ ಇಟ್ಟಿರೋವು." ಇಲಿಗಳಿಗೆ ಹನ್ನೊಂದು ವರ್ಷದಿಂದ ಕಾಳು ನೀರು ಹಾಕುತ್ತಿದ್ದವಳು ದೇಸಾಂಕಾ. ಊದಿದ್ದ ಅವಳ ರೆಪ್ಪೆ ಈಚೆಗಷ್ಟೇ ಇಳಿದಿತ್ತು. ಮೀನಖಂಡದ ನೋವು ಹೋಗಿರಲಿಲ್ಲ.

"ಬಂದು ನೋಡಿ."

ಎರಡು ಗಾಜಿನ ನಡುವೆ ಒತ್ತಿದ ಇಲಿಯ ಹಸಿ ಮಾಂಸ. ಎಳೆಗಳು ಅಲ್ಲಲ್ಲಿ ಹರಿದು ಮಸುಕಾಗಿದ್ದವು. ಹರಿದ ಕಡೆ, ತನಗೆಂದೇ ಕಟ್ಟಿಸಿಕೊಂಡ ಕೋಣೆಯಲ್ಲಿ, ಮರಿಹುಳವೊಂದು ಸುರುಳಿ ಸುತ್ತಿ ಮಲಗಿತ್ತು. ನೋಡುತ್ತಿದ್ದಂತೆ ಅದು ನಿದ್ದೆಯಲ್ಲಿನ ಮಗುವಿನಂತೆ ಮೆಲ್ಲಗೆ ಹೊರಳಿತು.

"ಪಂಜರ ಅದಲು ಬದಲಾಯ್ತಾ?"

"ದೇವರಾಣೆ ಇಲ್ಲ." ದೇಸಾಂಕಾ ತಡೆದಳು. "ಒಂದು ತಪ್ಪು ಮಾಡಿದೀನಿ ಡಾಕ್ಟ್ರಮ್ಮ. ಕ್ರಿಸ್‌ಮಸ್‌ಗೆ ಮುಂಚಿನ ನಲವತ್ತು ದಿನದ ಉಪವಾಸ ಹಿಡಿಯೋ ಹಿಂದಿನ ದಿನ ನಮ್ಮಮ್ಮ ನಾಯಿ ಬೆಕ್ಕಿಗೂ ಮಾಂಸ ಹಾಕೋಳು. ಇವೂ ದೇವರ ಜೀವಗಳೇ ಅಲ್ವಾ ಅಂತ ಮನೆ ಸಾಸೇಜಿನ ಚೂರು ಹಾಕ್ದೆ. ಹುಳ ಕೊಟ್ಟಿರೋವಕ್ಕೆ ಬೇರೇನೂ ಹಾಕಬೇಡಿ ಅಂದಿದ್ರಿ, ಅವಕ್ಕೆ ಹಾಕಲಿಲ್ಲ."

"ಹಂದಿ ಕೊಯ್ದಾಗ ಪ್ರತಿ ವರ್ಷ ಮಾಂಸ ಪರೀಕ್ಷೆಗೆ ತರ್ತಿದ್ರಲ್ಲ?"

"ಈ ಸಲ ನಮ್ಮ ಯಜಮಾನ್ರು ನಕ್ಕುಬಿಟ್ರು. ಕೈಯಾರೆ ಜೋಳ ತಿನ್ಸಿ, ಹೆಸರು ಬೇರೆ ಇಟ್ಟಿದೀಯ, ಅದರ ಮೇಲೂ ಅನುಮಾನವಾ ಅಂದ್ರು."

"ಯಾರ್ಯಾರು ತಿಂದ್ರಿ?"

"ನಾವಿಬ್ರೇ, ಅವತ್ತೊಂದಿನ. ಆಮೇಲೆ ಉಪವಾಸ. ನಾಳೆ ಎಲ್ಲರೂ..." ಅವಳು ಫೋನಿಗೆ ಕೈ ಹಾಕಿದಳು. "ಸೊಸೆ! ನೆವೆನಾ! ಬಸುರಿಗೆ ಉಪವಾಸ ಎಲ್ಲಿದೆ? ಬೆಳಗಿನ ಬಸ್ಸಿಗೇ ಬಂದಿರ್ತಾಳೆ."

ಫೋನಿನಲ್ಲಿ ಗಂಡ ರಾದಿಶಾನ ದನಿಯ ಹಿಂದೆ ಹಲಗೆಯ ಮೇಲೆ ಚಾಕುವಿನ ಟಕಟಕ.

"ಏನೇ, ಇಲಿಗಳು ರಜ ಕೊಟ್ವಾ? ಸೊಸೆಗೆ ನಾನೇ ತಿಂಡಿ ಕೊಡ್ತಿದೀನಿ. ನಿನ್ನ ಹಾಗೆ ಬರೀ ಬೀನ್ಸ್ ಕಾಳು ಬೇಯ್ಸಿ ಹಾಕಲ್ಲ."

"ಚಾಕು ಕೆಳಗಿಡಿ."

"ಏನು?"

"ಅವಳು ತಿಂದಳಾ?"

"ಈಗ ತಟ್ಟೆಗೆ ಹಾಕ್ತಿದ್ದೆ..."

"ಒಂದು ಚೂರೂ ಬೇಡ. ಹೊಗೆಗೆ ಕಟ್ಟಿದ ಸಾಸೇಜೆಲ್ಲ ಇಳಿಸಿ, ಮೂಟೆ ಕಟ್ಟಿಡಿ. ನಿಮ್ಮ ಕಾಲುನೋವು ಸೌದೆ ಒಡೆದು ಬಂದಿದ್ದಲ್ಲ ರೀ, ಆ ಮಾಂಸದ ಹುಳದಿಂದ."

ಟಕಟಕ ನಿಂತಿತು.

ದೇಸಾಂಕಾ ಫೋನಿಟ್ಟಳು. ಪಕ್ಕದ ಕೋಣೆಯಲ್ಲಿ ಇಲಿಗಳು ಮರದ ಹೊಟ್ಟು ಕೆರೆಯುತ್ತಿದ್ದವು. ವಾರಕ್ಕೊಮ್ಮೆ, ರಕ್ತ ತೆಗೆಯುವಾಗ, ಒಂದೊಂದು ಇಲಿಯನ್ನೂ ದೇಸಾಂಕಾ ಹಿಡಿದುಕೊಡುತ್ತಿದ್ದುದು ಈ ಮೇಜಿನ ಮೇಲೆಯೇ. ಅವಳು ಕುರ್ಚಿ ಎಳೆದು ಕೂತಳು. ಶಿಲುಬೆಯ ಗುರುತು ಹಾಕಿಕೊಂಡು, ಅಂಗಿಯ ತೋಳು ಮೇಲಕ್ಕೆ ಮಡಚಿ, ಯಾರೂ ಕೇಳುವ ಮೊದಲೇ ಕೈಯನ್ನು ಮೇಜಿನ ಮೇಲೆ ಚಾಚಿದಳು.