ಸಾರೊನ ಬೂಟಿನಲ್ಲಿ ಸಕ್ಕರೆಗೊಂಬೆ

ನಮ್ಮ ಸಿಸಿಲಿಯಲ್ಲಿ ನವೆಂಬರ್ ಎರಡರ ಬೆಳಿಗ್ಗೆ ಮಕ್ಕಳಿಗೆ ಸಿಹಿ ತರುವವರು ಸತ್ತವರು. ಅವರವರ ಮನೆಗೆ ಅವರವರ ಸತ್ತವರೇ ಬಂದು, ಮಕ್ಕಳು ಏಳುವ ಮೊದಲು ಬಚ್ಚಿಟ್ಟು ಹೋಗುತ್ತಾರೆ. ನನ್ನ ಮೊಮ್ಮಗಳು ನೆದ್ದಾಳಿಗೆ ತರುತ್ತಿದ್ದವನು ಅವಳ ತಾತ, ಅಂದರೆ ನನ್ನ ಗಂಡ. ಅವಳಪ್ಪ ತರುತ್ತಿರಲಿಲ್ಲ.

ನನ್ನ ಮಗ ಸಾರೊ ಮೀನಿಗೆ ಹೋದ ದೋಣಿ ಮೂರು ವರ್ಷವಾದರೂ ಬಂದಿರಲಿಲ್ಲ. ಹೆಣವೂ ಸಿಕ್ಕಿರಲಿಲ್ಲ. ಸೊಸೆ ವೆನೆರಾ ವಿಧವೆಯ ಕಪ್ಪು ಬಟ್ಟೆ ಉಟ್ಟವಳಲ್ಲ. ಊಟಕ್ಕೆ ಅವನದೊಂದು ತಟ್ಟೆ ಇಡುವಳು. ಬಾಗಿಲ ಹಿಂದಿದ್ದ ಅವನ ಬೂಟಿಗೆ ಶನಿವಾರ ಶನಿವಾರ ಎಣ್ಣೆ ಹಚ್ಚುವಳು. ಗಾಳಿಗೆ ಚಿಲಕ ಅಲುಗಿದರೆ ಇಬ್ಬರೂ ಚಮಚ ಕೆಳಗಿಟ್ಟು ಕೇಳುತ್ತಿದ್ದೆವು. ಅವನು ಸತ್ತನೆಂದು ನನಗೆ ಗೊತ್ತಿತ್ತು. ಅವಳ ಬಾಯಿಂದಲೇ ಬರಲಿ ಎಂದು ಸುಮ್ಮನಿದ್ದೆ.

ಆ ವರ್ಷ ಮೇಲಿನ ಕೋಣೆಗೆ ತೊರಿನೊದ ಎಜಿದಿಯೊ ಬಾಡಿಗೆಗೆ ಬಂದ. ಹೊಲಿಗೆ ಯಂತ್ರ ಮಾರುತ್ತ ಊರೂರು ತಿರುಗುವ ಮನುಷ್ಯ. ಮೊದಲ ದಿನ ಕನ್ನೋಲಿಯ ಗರಿಗರಿ ಸುರುಳಿ ಕಚ್ಚಿದ್ದೇ ತಡ, ಒಳಗಿನ ಸಿಹಿ ರಿಕೊತ್ತಾ ಗಿಣ್ಣು ಮೀಸೆಗೆಲ್ಲ ಮೆತ್ತಿಕೊಂಡು ಕಣ್ಣು ಮುಚ್ಚಿ ನಿಂತುಬಿಟ್ಟ.

"ಅಮ್ಮಾ, ನಲವತ್ತು ವರ್ಷ ನಾನೇನು ತಿಂದು ಬದುಕಿದ್ದೆ?"

"ಉತ್ತರದವರಲ್ವಾ, ಮಂಜು ತಿಂದಿರ್ತೀರಿ."

ಬಾದಾಮಿ ಹಿಟ್ಟಿನಲ್ಲಿ ಮಾಡಿದ ಅಂಜೂರ ಕೊಟ್ಟರೆ ಸಿಪ್ಪೆ ಸುಲಿಯಲು ಚಾಕು ಕೇಳಿದ! ನೆದ್ದಾ ನೆಲಕ್ಕೆ ಬಿದ್ದು ನಕ್ಕಳು. ಅಂದಿನಿಂದ ಇಬ್ಬರೂ ಅಂಗಡಿ ಅಂಗಡಿ ಸುತ್ತಿದ್ದೇ ಸುತ್ತಿದ್ದು. ಕಸ್ಸಾತಾ ಕೇಕಿನ ಹಸಿರು ಅಂಚನ್ನು ಅವನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದ. ಕಿಟಕಿ ತುಂಬ ಸಕ್ಕರೆಗೊಂಬೆ ಕಂಡು "ಇದ್ಯಾವ ಹಬ್ಬ ಪುಟ್ಟಿ?" ಎಂದನಂತೆ. "ಸಿಹಿ ಬಚ್ಚಿಡೋ ಹಬ್ಬ" ಎಂದಳಂತೆ ಇವಳು. ಬಚ್ಚಿಡುವವರು ಯಾರೆಂದು ಹೇಳಲಿಲ್ಲ. ಅದೂ ಗೊತ್ತಿಲ್ಲದವರು ಇರುತ್ತಾರೆಂದು ಮಗುವಿಗೇನು ಗೊತ್ತು?

ಹಬ್ಬದ ಬೆಳಿಗ್ಗೆ ತಾತನ ಬುಟ್ಟಿ ಮಂಚದಡಿ ಸಿಕ್ಕಿತು. ಆಮೇಲೆ ಬಾಗಿಲ ಕಡೆಯಿಂದ ನೆದ್ದಾಳ ಕೂಗು.

"ಅಪ್ಪ ಬಂದಿದ್ದ! ಅವನ ಬೂಟಲ್ಲೇ ಇಟ್ಟು ಹೋಗಿದ್ದಾನೆ!"

ಒಂದು ಬೂಟಿನ ತುಂಬ ಬಾದಾಮಿ ಅಂಜೂರ. ಇನ್ನೊಂದರಲ್ಲಿ ಒಬ್ಬ ಬೆಸ್ತ ನಿಂತಿದ್ದ, ಸಕ್ಕರೆಯವನು, ಕೆಂಪು ಟೋಪಿ, ಬಿಳಿ ಮುಖ. ಕಿಟಕಿಗಳೆಲ್ಲ ಮುಚ್ಚಿದ್ದವು. ಆದರೂ ಅಡುಗೆಮನೆಗೆ ಕಡಲ ವಾಸನೆ ಬಂತು, ನನ್ನಾಣೆ.

ಎಜಿದಿಯೊ ನಗುತ್ತ ಮೆಟ್ಟಿಲಿಳಿದು ಬಂದ. ನಮ್ಮ ಮುಖ ನೋಡಿ ಅಲ್ಲೇ ನಿಂತ.

"ಅಮ್ಮಾ, ಸತ್ತವರೇ ಅಲ್ವಾ ತರೋದು? ಹಾಗಾದ್ರೆ ಅಪ್ಪ ಸತ್ತಿದ್ದಾನಾ?" ಎಂದಳು ನೆದ್ದಾ.

ಎಜಿದಿಯೊನ ಮುಖದ ಬಣ್ಣವೇ ಇಳಿದುಹೋಯಿತು. "ಇಲ್ಲ ಪುಟ್ಟಿ, ಅದನ್ನ ಇಟ್ಟಿದ್ದು—"

"ಕಾಫಿ ಆರ್ತಿದೆ, ಕುಡೀರಿ" ಎಂದಳು ವೆನೆರಾ, ಅವನತ್ತ ತಿರುಗದೆ.

ಅವಳಿಗೆ ಅರ್ಥವಾಗಿತ್ತು. ಅವನು ಮಾತು ಮುಗಿಸಿದ್ದರೆ ಸಾರೊ ಇನ್ನೂ ಕಡಲ ಮೇಲೆಲ್ಲೋ ಇರುತ್ತಿದ್ದ. ಅವಳು ಮುಗಿಸಲು ಬಿಡಲಿಲ್ಲ. ಮಗಳ ಮುಂದೆ ಮಂಡಿಯೂರಿ ಕೂತಳು.

"ಹೌದು ಕಣೇ. ನಿನ್ನಪ್ಪನೇ ತಂದಿದ್ದು."

ನೆದ್ದಾ ಬೆಸ್ತನ ತೋಳು ಮುರಿದು ಅಮ್ಮನ ಬಾಯಿಗಿಟ್ಟಳು. ವೆನೆರಾ ಅಗಿದಳು. ಆ ಕಟಕಟ ಸದ್ದನ್ನು ನಾವು ಮೂವರೂ ಕೇಳುತ್ತ ನಿಂತೆವು.

ಹತ್ತು ಗಂಟೆಗೆ ಚರ್ಚಿನಲ್ಲಿ ಪಾದ್ರಿ ಊರಿನ ಸತ್ತವರ ಹೆಸರೆಲ್ಲ ಓದಿ, "ಇನ್ಯಾರದಾದರೂ ಬಿಟ್ಟುಹೋಗಿದೆಯಾ?" ಎಂದರು. ವೆನೆರಾ ಎದ್ದುನಿಂತಳು.

"ರೊಸಾರಿಯೊ ಕುತ್ರೋನಾ" ಎಂದಳು. ನಮ್ಮ ಸಾರೊನ ಪೂರ್ತಿ ಹೆಸರು.

ಮೂರು ವರ್ಷ ಇದಕ್ಕೇ ಕಾದಿದ್ದವಳು ನಾನು. ಆದರೆ ನನ್ನ ಕೈ ತಾನಾಗಿ ಅವಳ ಲಂಗ ಹಿಡಿದು ಜಗ್ಗಿತು. "ಕೂತ್ಕೊಳ್ಳೇ ವೆನೆರಾ" ಎಂದೆ, "ಇನ್ನೊಂದು ವರ್ಷ ನೋಡೋಣ, ಕೂತ್ಕೊ."

ಅಷ್ಟರಲ್ಲಿ ಪಾದ್ರಿ ಆ ಹೆಸರನ್ನು ಗಟ್ಟಿಯಾಗಿ ಓದಿಬಿಟ್ಟಿದ್ದರು.